ಸಾಕು ಹೆಬ್ಬಾವಿನ ಗೂಡು

ಮನೆಯಲ್ಲಿ ಸಾಕುವ ಹೆಬ್ಬಾವಿಗೆ ಅದರ ಸಹಜ ನೆಲೆಯ ಶಾಖ, ತೇವ ಮತ್ತು ಮರೆಯನ್ನು ಒದಗಿಸುವ ಮುಚ್ಚಿದ ಪೆಟ್ಟಿಗೆ. ಅಮೆರಿಕ, ಬ್ರಿಟನ್ ಮುಂತಾದ ದೇಶಗಳಲ್ಲಿ ಹೆಚ್ಚಾಗಿ ಸಾಕುವುದು ಬಾಲ್ ಪೈಥಾನ್ (ಪೈಥಾನ್ ರೀಜಿಯಸ್) ಪ್ರಭೇದವನ್ನು. ಹೆದರಿದಾಗ ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಇದಕ್ಕೆ ಈ ಹೆಸರು. ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಈ ಹಾವು ಹಗಲಲ್ಲಿ ಇಲಿಬಿಲ, ಗೆದ್ದಲು ಹುತ್ತಗಳಲ್ಲಿ ಅಡಗಿದ್ದು ರಾತ್ರಿ ಸಂಚರಿಸುತ್ತದೆ.

ರಚನೆ: ಬೆಳೆದ ಹಾವು ಸುಮಾರು 90–150 ಸೆಂಮೀ ಉದ್ದವಿರುತ್ತದೆ. ಅದಕ್ಕೆ ಕನಿಷ್ಠ 120 ಸೆಂಮೀ ಉದ್ದ, 60 ಸೆಂಮೀ ಅಗಲ ಮತ್ತು ಅಷ್ಟೇ ಎತ್ತರದ ಗೂಡು ಬೇಕು. ಇನ್ನೂ ದೊಡ್ಡದಾದರೆ ಒಳ್ಳೆಯದು. ಹಾವು ಸಣ್ಣ ಸಂದಿಯಲ್ಲೂ ನುಸುಳಬಲ್ಲದಾದ್ದರಿಂದ ಬಾಗಿಲಿಗೆ ಬೀಗ ಅಗತ್ಯ.

ಶಾಖ ಮತ್ತು ತೇವ: ಹಾವು ತನ್ನ ದೇಹದ ಉಷ್ಣತೆಯನ್ನು ಪರಿಸರದಿಂದಲೇ ಪಡೆಯುತ್ತದೆ. ಆದ್ದರಿಂದ ಗೂಡಿನ ಒಂದು ತುದಿ 31–33 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ 25–27 ಡಿಗ್ರಿ ಇರಬೇಕು. ಶಾಖದ ಉಪಕರಣಕ್ಕೆ ಥರ್ಮೋಸ್ಟಾಟ್ ಇಲ್ಲದಿದ್ದರೆ ಹಾವಿಗೆ ಸುಟ್ಟಗಾಯವಾಗಬಹುದು. ಗಾಳಿಯ ತೇವಾಂಶ ಶೇ. 60ರ ಆಸುಪಾಸಿನಲ್ಲಿರಬೇಕು, ಕಡಿಮೆಯಾದರೆ ಪೊರೆ ಸರಿಯಾಗಿ ಕಳಚುವುದಿಲ್ಲ.

ಒಳಸಜ್ಜು: ಎರಡೂ ತುದಿಗಳಲ್ಲಿ ಮೈಗೆ ತಾಗುವಷ್ಟು ಇಕ್ಕಟ್ಟಾದ ಅಡಗುತಾಣ, ನೀರಿನ ಬೋಗುಣಿ, ನೆಲಕ್ಕೆ ತೆಂಗಿನ ನಾರಿನ ಪುಡಿ ಇರಬೇಕು. ದೇವದಾರು ಜಾತಿಯ ಮರದ ಹೊಟ್ಟು ಹಾನಿಕರ. ಮರೆಯಿಲ್ಲದ ಹಾವು ಕಳವಳಗೊಂಡು ಆಹಾರ ಬಿಡುತ್ತದೆ.

ಕಾನೂನು: ಕರ್ನಾಟಕದ ಕಾಡುಗಳಲ್ಲೂ ಕಾಣುವ ಭಾರತೀಯ ಹೆಬ್ಬಾವಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಅದನ್ನು ಹಿಡಿದು ಮನೆಯಲ್ಲಿ ಸಾಕುವುದು ಅಪರಾಧ.