ಛಾಯಾಚಿತ್ರಗಳೂ ಕನ್ನಡ ನಾಡಿನ ಚರಿತ್ರೆಯೂ

ಶಾಸನ, ನಾಣ್ಯ, ಕಾವ್ಯ, ದೇವಾಲಯ—ಇವು ದೇಶಚರಿತ್ರೆಗೆ ಆಧಾರಗಳೆಂಬುದು ವಿದ್ವಾಂಸರಿಗೆಲ್ಲ ಸಮ್ಮತವಾದ ವಿಷಯ. ಈ ನಾಲ್ಕರ ಪಂಕ್ತಿಯಲ್ಲಿ ಐದನೆಯದಾಗಿ ಬಂದು ಕುಳಿತಿರುವುದು ಛಾಯಾಚಿತ್ರ. ಅದು ಕನ್ನಡ ನಾಡಿಗೆ ಬಂದು ನೂರೆಪ್ಪತ್ತು ವರ್ಷಗಳಾಗಿವೆ. ಅದರಿಂದ ಈ ನಾಡಿನ ಚರಿತ್ರೆಗೆ ಆದ ಉಪಕಾರವೇನು, ಆ ಚಿತ್ರಗಳು ಎಲ್ಲಿಗೆ ಹೋದುವು, ಈಗ ಯಾವ ಮಾರ್ಗದಿಂದ ಮರಳಿ ಬರುತ್ತಿವೆ ಎಂಬುದು ವಿಚಾರಾರ್ಹವಾಗಿದೆ.

ಬೆಳಕಿನ ಸಹಾಯದಿಂದ ರೂಪವನ್ನು ಹಿಡಿದು ನಿಲ್ಲಿಸುವ ವಿದ್ಯೆಯು ಫ್ರಾನ್ಸಿನಲ್ಲಿಯೂ ಇಂಗ್ಲೆಂಡಿನಲ್ಲಿಯೂ 1839ನೆಯ ಇಸವಿಯಲ್ಲಿ ಪ್ರಕಟವಾಯಿತು. 1854ರಲ್ಲಿ ಮುಂಬಯಿಯಲ್ಲಿ ಛಾಯಾಚಿತ್ರಕಾರರ ಸಂಘವೊಂದು ಸ್ಥಾಪಿತವಾಯಿತು. ಮರುವರ್ಷ ಮುಂಬಯಿ ಸರಕಾರದವರು ಪ್ರಾಚೀನ ಕಟ್ಟಡಗಳ ಚಿತ್ರಗಳನ್ನು ತೆಗೆಯಲೆಂದು ಕ್ಯಾಪ್ಟನ್ ಬಿಗ್ಸ್ ಎಂಬ ಸೇನಾಧಿಕಾರಿಯನ್ನು ನೇಮಿಸಿದರು. ಆತನು ಪುನಃ ಸೈನ್ಯಕ್ಕೆ ತೆರಳಲಾಗಿ ಆ ಕಾರ್ಯವು ವೈದ್ಯನಾದ ಡಾಕ್ಟರ್ ಪಿಗೂ ಎಂಬಾತನ ಪಾಲಿಗೆ ಬಂದಿತು. ಮದರಾಸು ಪ್ರಾಂತದ ಇನ್ನೊಬ್ಬ ವೈದ್ಯನಾದ ನೀಲ್ ಎಂಬಾತನು ಮೈಸೂರು ಸೀಮೆಯಲ್ಲಿ ಸಂಚರಿಸಿ ಹಳೇಬೀಡಿನ ಶಿಲ್ಪಗಳನ್ನು ಚಿತ್ರಿಸಿದನು. ಈ ಮೂವರ ಚಿತ್ರಗಳು ಮೆಡೋಸ್ ಟೇಲರನ ಚಾರಿತ್ರಿಕ ಬರಹದೊಡನೆಯೂ ಫರ್ಗುಸನ್ ಪಂಡಿತನ ಶಿಲ್ಪವಿಮರ್ಶೆಯೊಡನೆಯೂ ಕೂಡಿ, ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥವಾಗಿ 1866ರಲ್ಲಿ ಲಂಡನ್ನಿನಲ್ಲಿ ಹೊರಬಂದುವು. ಈ ಟೇಲರನು ಹಿಂದೆ ಸುರಪುರದ ಆಡಳಿತವನ್ನು ನಡೆಯಿಸಿದವನೇ.

ಇದಕ್ಕಿಂತಲೂ ಹೆಚ್ಚಿನ ಪ್ರಯೋಜನವು ಶಾಸನಗಳ ವಿಷಯದಲ್ಲಿ ಉಂಟಾಯಿತು. 1865ರಲ್ಲಿ ಮೈಸೂರಿನ ಚೀಫ್ ಕಮಿಷನರಾಗಿದ್ದ ಬೌರಿಂಗರ ಆಜ್ಞೆಯಂತೆ ಮೇಜರ್ ಡಿಕ್ಸನ್ ಎಂಬಾತನು ಚಿತ್ರದುರ್ಗ, ಹರಿಹರ, ಬಳ್ಳಿಗಾವೆ ಮೊದಲಾದ ಸ್ಥಳಗಳ ಸುಮಾರು 150 ಶಾಸನಗಳ ಛಾಯಾಚಿತ್ರಗಳನ್ನು ತೆಗೆದನು. ಬೆಂಗಳೂರಿನಲ್ಲಿಯೇ ಹುಟ್ಟಿ ಕನ್ನಡವನ್ನು ಚೆನ್ನಾಗಿ ಬಲ್ಲವರಾಗಿದ್ದ ಬಿ. ಎಲ್. ರೈಸ್ ಅವರು ಆ ಚಿತ್ರಗಳನ್ನು ಓದಿ ಅನುವಾದಿಸಿ, 1879ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಮುಂದೆ ಹನ್ನೆರಡು ಸಂಪುಟಗಳಾಗಿ ಬೆಳೆದ ‘ಎಪಿಗ್ರಾಫಿಯ ಕರ್ನಾಟಿಕ’ವೆಂಬ ಮಹಾಕಾರ್ಯಕ್ಕೆ ಇದೇ ಮೊದಲ ಮೆಟ್ಟಿಲು. ಕಲ್ಲು ನಿಂತಲ್ಲಿಯೇ ನಿಲ್ಲುವುದು. ಅದರ ಚಿತ್ರವಾದರೋ ವಿದ್ವಾಂಸನ ಮೇಜಿನ ಮೇಲಕ್ಕೆ ಬರುವುದು. ಈ ಸೌಲಭ್ಯವು ಹಿಂದೆ ಯಾರಿಗೂ ಇರಲಿಲ್ಲ.

ಛಾಯಾಚಿತ್ರವು ಸಾಕ್ಷಿಯಾಗಿ ನಿಲ್ಲುವ ಬಗೆಗೆ ಹಂಪೆಯೇ ಉತ್ತಮವಾದ ದೃಷ್ಟಾಂತ. ಮದರಾಸು ಸೇನೆಯ ಗ್ರೀನ್‌ಲಾ ಎಂಬಾತನು 1856ರಲ್ಲಿ ಅಲ್ಲಿಯ ಪಾಳುಗಳನ್ನು ಚಿತ್ರಿಸಿದನು. ಕಾಗದಕ್ಕೆ ಮೇಣವನ್ನು ಉಣಿಸಿ, ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಿ, ಹಲವು ನಿಮಿಷಗಳವರೆಗೆ ಬೆಳಕಿಗೆ ಒಡ್ಡಬೇಕಾಗಿದ್ದ ಕಾಲವದು. ನಡೆದಾಡುವ ಜನರ ರೂಪ ಅದರಲ್ಲಿ ನಿಲ್ಲುತ್ತಿರಲಿಲ್ಲ, ನಿಶ್ಚಲವಾದ ಕಲ್ಲು ಮಾತ್ರ ಸ್ಪಷ್ಟವಾಗಿ ಮೂಡುತ್ತಿತ್ತು. ಆತನ ಚಿತ್ರದಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆ ಗಾರೆಗಳ ಶಿಖರವೊಂದು ಕಾಣುತ್ತದೆ. ಈಗ ಆ ಶಿಖರವಿಲ್ಲ. ಐವತ್ತು ರೂಪಾಯಿಯ ನೋಟಿನ ಮೇಲೆ ಎಲ್ಲರೂ ನೋಡುವ ರಥವು ಶಿಖರವಿಲ್ಲದ ರಥವೇ. ಆ ಹಳೆಯ ಕಾಗದವು ನಾಶವಾಗಿದ್ದರೆ, ರಥವು ಮೊದಲಿನಿಂದಲೂ ಹೀಗೆಯೇ ಇದ್ದಿತೆಂದು ನೋಡುವವರು ನಂಬುತ್ತಿದ್ದರು. ಗ್ರೀನ್‌ಲಾನ ಮೂಲಪ್ರತಿಗಳು ಬಹುಕಾಲ ಮರೆಯಾಗಿದ್ದು, 1980ರಲ್ಲಿ ಇಂಗ್ಲೆಂಡಿನಲ್ಲಿ ಬೆಳಕಿಗೆ ಬಂದುವು. ಆ ಬಳಿಕ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಎಂಬಾತನು ಅದೇ ಸ್ಥಳಗಳಲ್ಲಿ ನಿಂತು ಪುನಃ ಚಿತ್ರ ತೆಗೆದನು. ಹಳೆಯದನ್ನೂ ಹೊಸದನ್ನೂ ಒತ್ತಟ್ಟಿಗಿಟ್ಟು ನೋಡಿದರೆ ಉಳಿದುದೆಷ್ಟು, ಅಳಿದುದೆಷ್ಟು ಎಂಬುದು ಒಡನೆಯೇ ತಿಳಿಯುತ್ತದೆ.

ಇಷ್ಟಾದರೂ ಚಿತ್ರಗಳು ಯಾವ ಊರುಗಳವೋ ಆ ಊರಿನವರಿಗೆ ಅವುಗಳ ದರ್ಶನವು ದುರ್ಲಭವಾಗಿತ್ತು. ಅಂತರಜಾಲವು ಈ ಅಂತರವನ್ನು ಕಳೆದಿದೆ. ದೂರದೇಶದ ಭಂಡಾರಗಳಲ್ಲಿದ್ದ ಚಿತ್ರಗಳು ಈಗ ಹಳೇಬೀಡಿನ ಬಾಲಕನ ಅಂಗೈಯ ಮೇಲೆಯೇ ಕಾಣಿಸುತ್ತವೆ. ಆದರೆ ಹುಡುಕುವವನಿಗೆ ಒಂದು ಕಷ್ಟವಿದೆ. ಹಳೆಯ ಪಟ್ಟಿಗಳಲ್ಲಿ ಐಹೊಳೆಯು ‘ಇವುಲ್ಲೀ’ ಎಂದೂ, ಪಟ್ಟದಕಲ್ಲು ‘ಪುರುಡ್‌ಕುಲ್’ ಎಂದೂ ಬರೆಯಲ್ಪಟ್ಟಿವೆ. ಊರಿನ ನಿಜನಾಮದಿಂದ ಅರಸಿದವನಿಗೆ ಊರು ಸಿಕ್ಕದು. ಈ ಹೆಸರುಗಳ ಗಂಟನ್ನು ಬಿಡಿಸಬಲ್ಲವರು ಸ್ಥಳೀಯರೇ ಹೊರತು ಅನ್ಯರಲ್ಲ. ಇನ್ನು, ದೂರದ ಭಂಡಾರವನ್ನೇ ನಂಬಿ ಕುಳಿತಿರುವುದೂ ಕ್ಷೇಮವಲ್ಲ. 2023ರ ಅಕ್ಟೋಬರಿನಲ್ಲಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಗಣಕಯಂತ್ರಗಳು ದುಷ್ಟರ ಆಕ್ರಮಣಕ್ಕೆ ಗುರಿಯಾಗಲು, ಅಲ್ಲಿಯ ಅಂತರಜಾಲ ಸಂಗ್ರಹಗಳು ಬಹುಕಾಲ ಯಾರಿಗೂ ದೊರೆಯದೆ ಹೋದುವು.

ಇಂದು ಜನರು ತಮ್ಮ ಊರಿನ ಚಿತ್ರಗಳನ್ನು ತಾವೇ ತೆಗೆದು, ತಾವೇ ಹಂಚಿಕೊಳ್ಳುತ್ತಿದ್ದಾರೆ. ಇದು ಸಂತೋಷದ ವಿಷಯ. ಆದರೆ ಹಾಗೆ ಹರಿದಾಡುವ ಚಿತ್ರಗಳಲ್ಲಿ ಊರಿನ ಹೆಸರಿಲ್ಲದವು, ವರ್ಷವಿಲ್ಲದವು, ತೆಗೆದವನ ಹೆಸರನ್ನು ಕಳೆದುಕೊಂಡವು ಅನೇಕ. ಒಂದೂರಿನ ಗುಡಿಯು ಇನ್ನೊಂದೂರಿನದೆಂದು ಪ್ರಸಿದ್ಧವಾಗುವುದೂ ಉಂಟು. ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದಗಳೆಂಬ ನಾಲ್ಕು ಪ್ರಮಾಣಗಳನ್ನು ಒಪ್ಪುವರು. ಛಾಯಾಚಿತ್ರವು ಪ್ರತ್ಯಕ್ಷದ ಪ್ರತಿನಿಧಿ. ಶಬ್ದದ ಬೆಂಬಲವಿಲ್ಲದಿದ್ದರೆ ಅದು ಮೂಕಸಾಕ್ಷಿ. ಕಲ್ಲಿನ ಮೇಲೆ ಶಾಸನವನ್ನು ಕೆತ್ತಿಸಿದ ಪ್ರಾಚೀನರು ಶಕವರ್ಷ, ಸಂವತ್ಸರ, ಮಾಸ, ತಿಥಿಗಳನ್ನು ನಮೂದಿಸುತ್ತಿದ್ದರು. ಎಷ್ಟೋ ಶಾಸನಗಳಲ್ಲಿ ಬರೆದವನ ಮತ್ತು ಕಂಡರಿಸಿದವನ ಹೆಸರೂ ಉಂಟು. ಸಾವಿರ ವರ್ಷಗಳ ಬಳಿಕ ಓದುವವರ ಮೇಲೆ ಅವರಿಗಿದ್ದ ಕರುಣೆಯು, ನಾಳಿನ ಮೊಮ್ಮಕ್ಕಳ ಮೇಲೆ ಇಂದಿನವರಿಗೆ ಇರಬೇಡವೆ?

1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಶರಾವತೀ ತೀರದ ಹಳ್ಳಿಗಳು ಮುಳುಗಿದುವು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಕೇರಿಗಳು ಆಹುತಿಯಾದುವು. ಅಂಥ ಊರುಗಳ ರಥಬೀದಿ, ಬಾವಿಕಟ್ಟೆ, ಜಗಲಿಗಳ ರೂಪವು ಉಳಿದಿದ್ದರೆ ಅದು ಅಲ್ಲಿಂದ ಬಂದ ಕುಟುಂಬಗಳ ಪೆಟ್ಟಿಗೆಗಳಲ್ಲಿ, ಮದುವೆ ಮುಂಜಿಗಳ ಚಿತ್ರಗಳ ಹಿನ್ನೆಲೆಯಲ್ಲಿ ಮಾತ್ರ. ಚಿತ್ರದಲ್ಲಿರುವವರನ್ನು ಗುರುತಿಸಬಲ್ಲ ಹಿರಿಯರು ಇರುವಾಗಲೇ ಅವರನ್ನು ಕೇಳಿ, ಊರು, ವರ್ಷ, ಹೆಸರುಗಳನ್ನು ಚಿತ್ರದ ಬೆನ್ನಿನ ಮೇಲೆ ಬರೆದಿಡುವುದು ಪ್ರತಿಯೊಂದು ಮನೆಯವರಿಂದಲೂ ಆಗಬಹುದಾದ ಕಾರ್ಯ. ಅದಕ್ಕೆ ಬೇಕಾದುದು ಒಂದು ಪೆನ್ಸಿಲು, ಒಂದು ಸಂಜೆಯ ವಿರಾಮ. ಹಂಚಿಕೊಳ್ಳುವುದು ಆಮೇಲಿನ ಮಾತು.