ಕರಗದ ಕಪ್ಪು

ಸಾಗರ ತಾಲ್ಲೂಕಿನ ಕೆಳದಿಯಲ್ಲಿ ಗುಂಡಾ ಜೋಯಿಸರು ಕಟ್ಟಿ ಬೆಳೆಸಿದ ವಸ್ತುಸಂಗ್ರಹಾಲಯದಲ್ಲಿ ತಾಡವೋಲೆಯ ಗ್ರಂಥಗಳಿವೆ. ಓಲೆಯ ಮೇಲೆ ಬರೆಯುವುದೆಂದರೆ ಕೊರೆಯುವುದು. ಹದಮಾಡಿದ ಗರಿಯ ಮೇಲೆ ಕಂಠದಿಂದ ಅಕ್ಷರ ಕೊರೆದು, ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ಬಳಿದು ಒರೆಸಿದರೆ ಗೀರುಗಳಲ್ಲಿ ಮಾತ್ರ ಕಪ್ಪು ನಿಲ್ಲುತ್ತದೆ. ಕಾಲಾಂತರದಲ್ಲಿ ಅದು ಉದುರಿದರೆ ಮತ್ತೆ ಬಳಿಯಬಹುದು. ಶಾಯಿಯ ಮರುಭರ್ತಿ ನಮ್ಮವರಿಗೆ ಹೊಸದೇನಲ್ಲ!

ಕನ್ನಡದಲ್ಲಿ ಮಸಿ ಎಂದರೆ ಒಲೆಯ ಮಸಿಯೂ ಹೌದು, ಬರೆಯುವ ಶಾಯಿಯೂ ಹೌದು. ಈ ಒಂದು ಪದದಲ್ಲೇ ಶಾಯಿಯ ರಸಾಯನ ಅಡಗಿದೆ. ಕಾಡಿಗೆ ಇಂಗಾಲದ ಪುಡಿ. ಅದು ನೀರಿನಲ್ಲಿ ಕರಗದು, ಬಿಸಿಲಿಗೆ ಬಣ್ಣಗೆಡದು. ಇಂತಹ ಕರಗದ ಬಣ್ಣದ ಕಣಗಳನ್ನೇ ಪಿಗ್ಮೆಂಟ್ ಎನ್ನುತ್ತಾರೆ. ನೀರಿನಲ್ಲಿ ಸಂಪೂರ್ಣ ಕರಗುವ ಬಣ್ಣ ಡೈ. ಡೈ ಶಾಯಿ ಉಜ್ವಲವಾಗಿ ಕಾಣುತ್ತದೆ, ಆದರೆ ಬೆಳಕು ಮತ್ತು ಗಾಳಿ ಅದರ ಅಣುಗಳನ್ನು ಒಡೆಯುತ್ತವೆ.

ಇಂಕ್‌ಜೆಟ್ ಮುದ್ರಕ ಮನೆಗೆ ಬಂದದ್ದು ಈ ಡೈ ಶಾಯಿಯೊಂದಿಗೆ. ಎಚ್‌ಪಿ ಕಂಪೆನಿಯ ಥಿಂಕ್‌ಜೆಟ್ ಮಾರುಕಟ್ಟೆಗೆ ಬಂದದ್ದು 1984ರಲ್ಲಿ. 1990ರ ದಶಕದಲ್ಲಿ ಬಣ್ಣದ ಚಿತ್ರಗಳೂ ಮುದ್ರಣಗೊಂಡವು, ಆದರೆ ಅವು ಬೇಗ ಮಂಕಾದವು. 2000ದಲ್ಲಿ ಎಪ್ಸನ್ ಪಿಗ್ಮೆಂಟ್ ಶಾಯಿಯ ಫೋಟೊ ಮುದ್ರಕವನ್ನು ತಂದಿತು. ಅದೇ ಸುಮಾರಿಗೆ ಅಮೆರಿಕದ ಮುದ್ರಣ ಕಲಾವಿದ ಜಾನ್ ಕೋನ್, ಬಣ್ಣದ ಶಾಯಿಗಳ ಜಾಗದಲ್ಲಿ ಕಪ್ಪು-ಬೂದು ಛಾಯೆಗಳ ಶಾಯಿಗಳನ್ನು ತುಂಬಿ ಕಪ್ಪುಬಿಳುಪು ಚಿತ್ರ ಮುದ್ರಿಸುವ ವಿಧಾನವನ್ನು ಪ್ರಚಾರಕ್ಕೆ ತಂದರು. ಹವ್ಯಾಸಿಗಳು ಇದೇ ಜಾಡು ಹಿಡಿದರು.

ಇದರಲ್ಲಿ ತೊಡಕೂ ಇದೆ. ಕೂದಲೆಳೆಗಿಂತ ಸಣ್ಣ ರಂಧ್ರಗಳಲ್ಲಿ ಶಾಯಿ ಹಾಯಬೇಕು. ಮುದ್ರಕವನ್ನು ವಾರಗಟ್ಟಲೆ ಬಳಸದಿದ್ದರೆ ಪಿಗ್ಮೆಂಟ್ ತಳಕ್ಕಿಳಿದು ಒಣಗಿ ದಾರಿ ಕಟ್ಟುತ್ತದೆ. ಕಾಡಿಗೆಯನ್ನು ಹಾಗೆಯೇ ನೀರಿಗೆ ಕಲಸಿ ತುಂಬಿದರೆ ಯಂತ್ರ ಕೆಟ್ಟಂತೆಯೇ ಸರಿ. ಕಣಗಳು ಅತಿ ನುಣ್ಣಗಿದ್ದು, ಒಂದಕ್ಕೊಂದು ಅಂಟದಂತೆ ಹದಗೊಂಡಿರಬೇಕು. ಕಾರ್ಟ್ರಿಜ್‌ಗಳಿಗೆ ಚಿಪ್ ಅಳವಡಿಸಿ ಬೇರೆ ಶಾಯಿಯನ್ನು ತಡೆಯುವ ಕಂಪೆನಿಗಳೂ ಉಂಟು. ಲೇಸರ್ ಮುದ್ರಕದ ಟೋನರ್ ಕಾರ್ಟ್ರಿಜ್ ಕುರಿತ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 2017ರಲ್ಲಿ, ಮಾರಿದ ವಸ್ತುವಿನ ಮೇಲೆ ಪೇಟೆಂಟ್ ಹಕ್ಕು ಉಳಿಯದೆಂದು ತೀರ್ಪಿತ್ತಿತು.

ಶಾಯಿ ಗಟ್ಟಿಯಿದ್ದರೆ ಸಾಲದು, ಕಾಗದವೂ ಬಾಳಬೇಕು. 1936ರಲ್ಲಿ ಸ್ಥಾಪನೆಯಾದ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ 1980ರ ದಶಕದಲ್ಲಿ ಪತ್ರಿಕಾ ಕಾಗದವನ್ನೂ ತಯಾರಿಸುತ್ತಿತ್ತು. ಇಂದು ಅದರ ಯಂತ್ರಗಳು ನಿಂತಿವೆ. ಪತ್ರಿಕಾ ಕಾಗದದಲ್ಲಿ ಮರದ ಲಿಗ್ನಿನ್ ಉಳಿದಿರುವುದರಿಂದ ಅದು ಬೇಗ ಹಳದಿಯಾಗುತ್ತದೆ. ಹಳೆಯ ಪತ್ರಿಕೆಯೊಂದನ್ನು ತೆರೆದು ನೋಡಿ: ಹಾಳೆ ಹಳದಿ, ಅಕ್ಷರ ಮಾತ್ರ ಕಪ್ಪು. ಮುದ್ರಣದ ಆ ಶಾಯಿಯೂ ಎಣ್ಣೆಯಲ್ಲಿ ಕಲಸಿದ ಇಂಗಾಲವೇ.

ಮನೆಮನೆಗಳಲ್ಲಿ ಅಜ್ಜ-ಅಜ್ಜಿಯರ ಭಾವಚಿತ್ರಗಳನ್ನು ಸ್ಕ್ಯಾನ್ ಮಾಡಿ ಹೊಸದಾಗಿ ಮುದ್ರಿಸಿ ಗೋಡೆಗೆ ತೂಗುಹಾಕುವ ಕಾಲವಿದು. ಅಗ್ಗದ ಡೈ ಶಾಯಿಯ ಪ್ರತಿ, ಮೂಲ ಚಿತ್ರಕ್ಕಿಂತ ಮೊದಲೇ ಮಾಸಿಹೋದೀತು. ಪ್ರತಿ ತೆಗೆದಾಯಿತೆಂದು ಮೂಲವನ್ನು ಎಸೆದವರಿಗೆ ಆಗ ಎರಡೂ ಇಲ್ಲ. ಓಲೆಗೆ ಕಾಡಿಗೆ ಬಳಿದ ಲಿಪಿಕಾರನಿಗೆ ಅಣುವಿನ ಶಾಸ್ತ್ರ ತಿಳಿದಿರಲಿಲ್ಲ. ಉಳಿಯುವ ಕಪ್ಪು ಯಾವುದೆಂಬುದು ತಿಳಿದಿತ್ತು.