ಪರದೆಯ ಬಸ್ಸನ್ನು ಕರ್ನೆಲಿಗೆ ವರ್ಣಿಸಿದ ಬಗೆ: ಒಂದು ಐತಿಹಾಸಿಕ ವಿವೇಚನೆ

ಗಣಕಯಂತ್ರಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಯಂತ್ರಗಳ ವೇಗವನ್ನೂ ಅವುಗಳ ನಿರ್ಮಾಪಕರ ಕೀರ್ತಿಯನ್ನೂ ಹೇಳಿ ತೃಪ್ತರಾಗುತ್ತಾರೆ. ಯಂತ್ರದ ಅಂಗಾಂಗಗಳ ವಿವರವನ್ನು ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲಿಗೆ ಯಾರು ತಿಳಿಸಬೇಕು, ಯಾವ ರೂಪದಲ್ಲಿ ತಿಳಿಸಬೇಕು ಎಂಬ ಪ್ರಶ್ನೆಗೂ ಒಂದು ಇತಿಹಾಸವುಂಟು. ಮೊಬೈಲ್ ಫೋನಿನ ಪರದೆಯನ್ನು ನಿದರ್ಶನವಾಗಿಟ್ಟುಕೊಂಡು ಅದನ್ನು ನಾವಿಲ್ಲಿ ಪರಿಶೀಲಿಸುತ್ತೇವೆ.

ಪಿಸಿಐ, ಯುಎಸ್‌ಬಿ ಮೊದಲಾದ ಬಸ್ಸುಗಳಲ್ಲಿ ಈ ಪ್ರಶ್ನೆ ತೀವ್ರವಾಗಿ ಏಳುವುದಿಲ್ಲ; ಅಲ್ಲಿ ಪ್ರತಿಯೊಂದು ಸಾಧನವೂ ಕೇಳಿದೊಡನೆ ತನ್ನ ಗುರುತನ್ನು ತಾನೇ ಹೇಳುತ್ತದೆ. ಬೋರ್ಡಿಗೆ ಬೆಸೆದ ಬಿಡಿಭಾಗಗಳಲ್ಲಿ ಬಹುಪಾಲು ಮೂಕವಾದವು. ಅವುಗಳ ಪರವಾಗಿ ಬೇರೊಬ್ಬರು ಮಾತನಾಡಬೇಕು.

ಸನ್ ಕಂಪನಿಯು 1980ರ ದಶಕದ ಕೊನೆಯಲ್ಲಿ ತನ್ನ ಸ್ಪಾರ್ಕ್ ಯಂತ್ರಗಳ ಓಪನ್‌ಬೂಟ್ ವ್ಯವಸ್ಥೆಯಲ್ಲಿ ಯಂತ್ರಾಂಶವನ್ನು ವೃಕ್ಷರೂಪದಲ್ಲಿ ನಿರೂಪಿಸಿತು. 1994ರಲ್ಲಿ ಅದು ಐಇಇಇ 1275 ಎಂಬ ಮಾನಕವಾಯಿತು. 2005ರಲ್ಲಿ ಪವರ್‌ಪಿಸಿ ಯಂತ್ರಗಳ ಲಿನಕ್ಸ್ ಕರ್ನೆಲ್, ಆ ದೊಡ್ಡ ವ್ಯವಸ್ಥೆಯನ್ನು ಬಿಟ್ಟು, ವೃಕ್ಷವನ್ನು ಮಾತ್ರ ಒಂದು ಚಿಕ್ಕ ದತ್ತಾಂಶಖಂಡವಾಗಿ ಸ್ವೀಕರಿಸುವ ಕ್ರಮವನ್ನು ರೂಢಿಸಿಕೊಂಡಿತು. ಆರ್ಮ್ ಯಂತ್ರಗಳಲ್ಲಾದರೋ ಒಂದೊಂದು ಬೋರ್ಡಿಗೂ ಒಂದೊಂದು ಸಿ ಕಡತವನ್ನು ಕರ್ನೆಲಿನೊಳಗೇ ಬರೆದಿಡುತ್ತಿದ್ದರು. ಈ ಕಡತಗಳ ಅವ್ಯವಸ್ಥೆಯನ್ನು ಲೀನಸ್ ಟೋರ್ವಾಲ್ಡ್ಸ್ 2011ರಲ್ಲಿ ಕಟುವಾಗಿ ಆಕ್ಷೇಪಿಸಿದ ಮೇಲೆ ಆರ್ಮ್ ಪಂಗಡವೂ ಡಿವೈಸ್ ಟ್ರೀಯತ್ತ ವೇಗವಾಗಿ ಹೊರಳಿತು. ಹೀಗೆ ಬೋರ್ಡಿನ ಜ್ಞಾನವು ಕರ್ನೆಲಿನ ಒಡೆತನದಿಂದ ಹೊರಬಂದು ಸ್ವತಂತ್ರ ದಾಖಲೆಯಾಯಿತು. ಇದರ ಪರಿಣಾಮ ಸಾಮಾನ್ಯವಾದುದಲ್ಲ. ಇಂದು ಮಾರಾಟವಾದ ಯಂತ್ರದಲ್ಲಿ ಅಡಕವಾಗಿರುವ ವರ್ಣನೆಯನ್ನು ಹತ್ತು ವರ್ಷಗಳ ಅನಂತರದ ಕರ್ನೆಲ್ ಸಹ ಓದಿ ತಿಳಿಯಬೇಕಾಗುತ್ತದೆ. ಒಮ್ಮೆ ಬರೆದ ಶಬ್ದವನ್ನು ಹಿಂತೆಗೆದುಕೊಳ್ಳುವುದು ಸುಲಭವಲ್ಲ.

ಇನ್ನು ಪರದೆಯ ವಿಷಯ. 2003ರಲ್ಲಿ ಸ್ಥಾಪಿತವಾದ ಮಿಪಿ ಒಕ್ಕೂಟವು ರೂಪಿಸಿದ ಡಿಎಸ್‌ಐ ಎಂಬ ಬಸ್ಸು ಮೊಬೈಲ್ ಪರದೆಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂತು. ಅದರಲ್ಲಿ ಗಡಿಯಾರದ ಪಥ ಒಂದು, ದತ್ತಾಂಶದ ಪಥಗಳು ಸಾಮಾನ್ಯವಾಗಿ ಒಂದರಿಂದ ನಾಲ್ಕು. ಸ್ವಂತ ಸ್ಮೃತಿಕೋಶವುಳ್ಳ ಪರದೆಗೆ ಆಜ್ಞೆಗಳ ಮೂಲಕ ಚಿತ್ರವನ್ನು ಕಳುಹಿಸಬಹುದು. ಅದಿಲ್ಲದ ಪರದೆಗೆ ಚಿತ್ರಬಿಂದುಗಳನ್ನು ಎಡೆಬಿಡದೆ ಹರಿಸುತ್ತಿರಬೇಕು. ವಿಳಾಸಕ್ಕೆ ಮೀಸಲಾದುದು ಎರಡೇ ಬಿಟ್. ಆದುದರಿಂದ ಒಂದು ಆತಿಥೇಯಕ್ಕೆ ನಾಲ್ಕಕ್ಕಿಂತ ಹೆಚ್ಚು ಉಪಸಾಧನಗಳು ಸಲ್ಲುವುದಿಲ್ಲ. ಯಾವ ಪರದೆ ಜೋಡಣೆಯಾಗಿದೆ, ಅದಕ್ಕೆ ಯಾವ ಕ್ರಮದಲ್ಲಿ ವಿದ್ಯುತ್ತನ್ನು ಕೊಡಬೇಕು ಎಂಬುದನ್ನು ಈ ಬಸ್ಸಿನಿಂದ ತಿಳಿಯುವ ಸಾರ್ವತ್ರಿಕ ಮಾರ್ಗವಿಲ್ಲ. ಪರದೆಗೆ ಮೊದಲು ವಿದ್ಯುತ್ತು ಬಂದಲ್ಲದೆ ಅದು ಉತ್ತರಿಸದು. ಯಾವ ಪರದೆಯೆಂದು ತಿಳಿದಲ್ಲದೆ ವಿದ್ಯುತ್ತು ಕೊಡುವ ಕ್ರಮವೂ ತಿಳಿಯದು!

2014ರಲ್ಲಿ ಹೊರಬಂದ ಲಿನಕ್ಸ್ 3.14ರ ವೇಳೆಗೆ ಈ ಬಸ್ಸಿಗೆ ಕರ್ನೆಲಿನಲ್ಲಿ ಪ್ರತ್ಯೇಕ ಸ್ಥಾನ ದೊರೆಯಿತು. ಅದರ ವರ್ಣನೆಯ ನಿಯಮ ಅತಿ ಸಂಕ್ಷಿಪ್ತವಾದುದು: ಆತಿಥೇಯವು ತಾಯಿಕೊಂಬೆ, ಪರದೆಯು ಅದರ ಕವಲು, ಕವಲಿನ ವಿಳಾಸವೇ ಸೊನ್ನೆಯಿಂದ ಮೂರರವರೆಗಿನ ವಾಹಿನೀಸಂಖ್ಯೆ. ಪರದೆಯು ಸ್ಮೃತಿಯ ಯಾವ ಪ್ರದೇಶವನ್ನೂ ಆಕ್ರಮಿಸದ ಕಾರಣ ವಿಳಾಸದೊಡನೆ ಗಾತ್ರವನ್ನು ಹೇಳುವ ಪದ್ಧತಿ ಇಲ್ಲಿಲ್ಲ.

ಆದರೆ ವೃಕ್ಷಕ್ಕೆ ಒಂದು ಸಹಜವಾದ ದೋಷವಿದೆ. ವಂಶವೃಕ್ಷದಲ್ಲಿರುವಂತೆ ಇಲ್ಲಿಯೂ ಒಂದು ಕೂಸಿಗೆ ಒಂದೇ ಮನೆ. ಡಿಎಸ್‌ಐ ಮೂಲಕ ಚಿತ್ರವನ್ನು ಪಡೆಯುತ್ತಿದ್ದರೂ ಆಜ್ಞೆಗಳನ್ನು ಐ2ಸಿ ಎಂಬ ಬೇರೊಂದು ಬಸ್ಸಿನಿಂದ ಪಡೆಯುವ ಸಾಧನಗಳುಂಟು. ಎರಡು ಆತಿಥೇಯಗಳಿಂದ ಅರ್ಧರ್ಧ ಚಿತ್ರವನ್ನು ಪಡೆಯುವ ದೊಡ್ಡ ಪರದೆಗಳೂ ಉಂಟು. ಇವು ಯಾರ ಮಕ್ಕಳು? ಮುಂದಿನ ವರ್ಷಗಳಲ್ಲಿ ಸೇರಿಸಿದ ನಿಯಮದ ಪ್ರಕಾರ ಆಜ್ಞೆ ಎಲ್ಲಿಂದ ಬರುವುದೋ ಅಲ್ಲಿಯೇ ಸಾಧನದ ಮನೆ. ಚಿತ್ರದ ಹರಿವನ್ನು ಮಾತ್ರ ಕೊಂಬೆಯಿಂದ ಕೊಂಬೆಗೆ ಚಾಚಿದ ಪ್ರತ್ಯೇಕ ಕೊಂಡಿಗಳಿಂದ ಸೂಚಿಸಬೇಕು. ಇದನ್ನು ಕೆಲವರು ತೇಪೆಯೆಂದು ಕರೆದಾರು. ಆಡಳಿತದ ಸಂಬಂಧ ಬೇರೆ, ಸರಬರಾಜಿನ ಸಂಬಂಧ ಬೇರೆ ಎಂಬ ವಿವೇಕ ಇಲ್ಲಿಯೇ ಸ್ಪಷ್ಟವಾಯಿತೆಂದು ನಾವು ಎಣಿಸುತ್ತೇವೆ.

ಇಷ್ಟು ಕಾಲವೂ ಈ ನಿಯಮಗಳು ಗದ್ಯರೂಪದಲ್ಲಿದ್ದು, ಪಾಲನೆಯು ಓದುವವರ ಎಚ್ಚರವನ್ನೇ ಅವಲಂಬಿಸಿತ್ತು. 2020ರಲ್ಲಿ ಅವನ್ನು ಯಂತ್ರವೇ ಓದಿ ಪರೀಕ್ಷಿಸಬಲ್ಲ ಯಾಮೆಲ್ ರೂಪಕ್ಕೆ ತಂದರು. ಪರದೆಯ ವಿಳಾಸವನ್ನು ನಾಲ್ಕು ಎಂದು ಯಾರಾದರೂ ಬರೆದರೆ, ಪರೀಕ್ಷೆಗೆ ಒಡ್ಡಿದಾಗ ಆ ತಪ್ಪು ಈಗ ಬೋರ್ಡನ್ನು ಮುಟ್ಟುವ ಮುನ್ನವೇ ಸಿಕ್ಕಿಬೀಳುತ್ತದೆ.